ಗುಂಡು ತಳವೋ, ಚಪ್ಪಟೆ ತಳವೋ? ಆನ್‌ಲೈನ್‌ನಲ್ಲಿ ಬೌಲ್ ಕೊಳ್ಳುವ ಮುಂಚೆ

ಫೋಟೋದಲ್ಲಿ ಎಲ್ಲ ಸ್ಟೀಲ್ ಬೌಲ್‌ಗಳೂ ಒಂದೇ ಥರ ಹೊಳೆಯುತ್ತವೆ. ವ್ಯತ್ಯಾಸ ಗೊತ್ತಾಗುವುದು ಹಿಟ್ಟು ಕಲೆಸಲು ಕೂತಾಗ.

ಕಲೆಸುವುದಕ್ಕಾದರೆ ನನ್ನ ಓಟು ಗುಂಡು ತಳಕ್ಕೆ. ಬೋಂಡಾ ಹಿಟ್ಟು ಕಲೆಸುವಾಗ ಚಮಚ ಬೌಲಿನ ಬಾಗಿದ ಗೋಡೆಯ ಗುಂಟ ಸಲೀಸಾಗಿ ಜಾರುತ್ತದೆ, ಒಣ ಕಡಲೆಹಿಟ್ಟು ಎಲ್ಲೂ ಅಡಗಿ ಕೂರುವುದಿಲ್ಲ. ಚಪ್ಪಟೆ ತಳದ, ನೇರ ಗೋಡೆಯ ಬೌಲಿನಲ್ಲಿ ತಳ ಮತ್ತು ಗೋಡೆ ಸೇರುವ ಸಂದಿಯಲ್ಲೇ ಗಂಟುಗಳು ಉಳಿಯುತ್ತವೆ. ತೊಳೆಯುವಾಗಲೂ ಅಲ್ಲೇ ಕಿರಿಕಿರಿ. ಆದರೆ ಪೂರ್ತಿ ಗುಂಡಾದರೆ ಕಟ್ಟೆಯ ಮೇಲೆ ಅಲುಗಾಡುತ್ತದೆ, ಅಲ್ವಾ? ಕೆಳಗೆ ಒದ್ದೆ ಬಟ್ಟೆ ಹಾಕಬೇಕು. ತಳದಲ್ಲಿ ಅಂಗೈಯಷ್ಟು ಚಪ್ಪಟೆ ಇರುವುದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಫ್ರಿಜ್‌ನಲ್ಲಿ ಇಡೋಕೆ ನೇರ ಗೋಡೆಯದು. ಅದರಲ್ಲಿ ಯೋಚಿಸುವುದೇನೂ ಇಲ್ಲ.

ದೋಸೆ ಹಿಟ್ಟು ಹುದುಗಲು ಆಳದ್ದು ಬೇಕು, ಅದೂ ಅರ್ಧ ಮಾತ್ರ ತುಂಬಿಸಿ. ಚಿತ್ರಾನ್ನಕ್ಕೆ ಅಗಲದ್ದು: ಅನ್ನ ಬೇಗ ಆರುತ್ತದೆ, ಅಗುಳು ಮುರಿಯದೆ ಕಲೆಸಬಹುದು.

ಬಾಯಿಯ ಅಗಲ ಒಂದನ್ನೇ ನೋಡಿ ಆರ್ಡರ್ ಮಾಡಬೇಡಿ. 20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಅರ್ಧಗೋಳದ ಬೌಲಿಗೆ ಸುಮಾರು 2.1 ಲೀಟರ್ ಹಿಡಿಯುತ್ತದೆ. ಅದೇ ಅಳತೆಯ ನೇರ ಗೋಡೆಯದಕ್ಕೆ 3.1 ಲೀಟರ್. ಇದೂ ಅಂಚಿನವರೆಗೆ ತುಂಬಿದಾಗಿನ ಲೆಕ್ಕ. ಕಲೆಸುವಾಗ ಚೆಲ್ಲಬಾರದು ಅಂದ್ರೆ ಮುಕ್ಕಾಲು ಭಾಗವಷ್ಟೇ ನಿಮ್ಮದು. ಎತ್ತರ ಹಾಕದೆ ಸುಮ್ನೆ ‘ದೊಡ್ಡದು’ ಎಂದು ಬರೆದಿದ್ದರೆ ಮುಂದಿನದನ್ನು ನೋಡಿ.