ಬಗ್ಗಡವೋ ತಿಳಿಯೋ: ಒಂದೇ ದಿನ ಕುದಿಸಿದ ಎರಡು ಐಪಿಎ

ಮನೆಯಲ್ಲಿ ಬಿಯರ್ ಮಾಡುವವರ ನಡುವೆ ಜಗಳ ಹಚ್ಚಬೇಕೆಂದರೆ ಹೇಜಿ ಐಪಿಎ ಸುದ್ದಿ ಎತ್ತಿದರೆ ಸಾಕು. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಹಾಕಿ ಮಾಡುವ ಬಿಯರ್. ಅದರ ಮಸುಕು ಬಗೆಯೇ ಹೇಜಿ. ಅದನ್ನು ಬಿಟ್ಟು ಬೇರೇನೂ ಕುದಿಸದವರು ಒಂದು ಕಡೆ. ಲೋಟ ನೋಡಿದ ಕೂಡಲೇ 'ಇದೇನ್ರೀ ಬಗ್ಗಡ' ಎಂದು ಮುಖ ತಿರುಗಿಸುವವರು ಇನ್ನೊಂದು ಕಡೆ. ನಾನಿರುವುದು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಯಾಕಿಮಾ ಕಣಿವೆ ಇಲ್ಲಿಂದ ಕಾರಿನಲ್ಲಿ ಮೂರು ಗಂಟೆ ದಾರಿ. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹೂವು ಹಾಪ್ಸ್. ಅಮೆರಿಕದಲ್ಲಿ ಬೆಳೆಯುವ ಹಾಪ್ಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ವಾಷಿಂಗ್ಟನ್ ರಾಜ್ಯದ್ದು, ಅದರಲ್ಲೂ ಹೆಚ್ಚಿನದು ಆ ಕಣಿವೆಯದ್ದೇ. ಹೀಗಾಗಿ ಈ ಊರಲ್ಲಿ ಕಹಿ ಐಪಿಎಗೆ ನಿಷ್ಠರಾದವರಿಗೆ ಕೊರತೆ ಇಲ್ಲ, ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲೂ ಇದ್ದಾರೆ.

ವಾದ ಕೇಳಿ ಕೇಳಿ ಸಾಕಾಗಿ ಹೇಜಿಯನ್ನೂ ವೆಸ್ಟ್ ಕೋಸ್ಟ್ ಅನ್ನುವ ತಿಳಿಯಾದ ಕಹಿ ಐಪಿಎಯನ್ನೂ ಒಂದೇ ದಿನ, ಅಕ್ಕಪಕ್ಕದ ಎರಡು ಪಾತ್ರೆಗಳಲ್ಲಿ ಮಾಡಿದೆ. ಆಮೇಲೆ ಒಂದರ ಯೀಸ್ಟ್ ಇನ್ನೊಂದಕ್ಕೆ, ಒಂದರ ನೀರು ಇನ್ನೊಂದಕ್ಕೆ ಹಾಕಿಯೂ ನೋಡಿದೆ. ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಜಿ ಚೆನ್ನಾಗಿಲ್ಲ ಅನ್ನುವವರಲ್ಲಿ ಬಹಳ ಜನ ಕುಡಿದಿರುವುದು ಗಾಳಿ ತಾಗಿ ಹಾಳಾದ ಹೇಜಿ. ಚೆನ್ನಾಗಿದೆ ಅನ್ನುವವರಲ್ಲಿ ಬಹಳ ಜನ ಓಟ್ಸ್‌ಗೆ ಕೊಡುವ ಮರ್ಯಾದೆಯನ್ನು ನೀರಿಗೂ ಯೀಸ್ಟ್‌ಗೂ ಕೊಡುವುದಿಲ್ಲ.

ಸ್ವಲ್ಪ ಹಿನ್ನೆಲೆ. ಈ ಮಸುಕು ಐಪಿಎ ಹುಟ್ಟಿದ್ದು ಪೂರ್ವದಲ್ಲಿ, ವರ್ಮಾಂಟ್ ರಾಜ್ಯದಲ್ಲಿ. ವಾಟರ್‌ಬರಿ ಊರಿನ 'ದಿ ಆಲ್ಕೆಮಿಸ್ಟ್' ಬ್ರೂವರಿ ಮಾಡುವ ಹೆಡಿ ಟಾಪರ್ ಬಿಯರ್ ಇದರ ಮೂಲಪುರುಷ. 2011ರಲ್ಲಿ ಐರೀನ್ ಚಂಡಮಾರುತದ ನೆರೆಗೆ ಅವರ ಪಬ್ ಹಾಳಾಯಿತು. ಅದೇ ವರ್ಷ ಬಿಯರ್ ಕ್ಯಾನ್‌ನಲ್ಲಿ ಬರತೊಡಗಿತು. ಕ್ಯಾನ್‌ನಿಂದಲೇ ಕುಡಿಯಿರಿ ಅಂತ ಅದರ ಮೇಲೇ ಬರೆದಿರುತ್ತಾರೆ. ಬಗ್ಗಡ ಕಾಣಬಾರದು ಅಂತ ಹಾಗೆ ಬರೆದಿದ್ದಾರೆ ಎಂದು ನಮ್ಮ ತಿಳಿ ಐಪಿಎ ಪಕ್ಷದವರು ಇವತ್ತಿಗೂ ನಗುತ್ತಾರೆ. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ 2018ರಲ್ಲಿ ಇದನ್ನು ತಾತ್ಕಾಲಿಕವಾಗಿ ಒಂದು ಬಗೆ ಎಂದು ಒಪ್ಪಿಕೊಂಡು, 2021ರಲ್ಲಿ ಹೇಜಿ ಐಪಿಎ ಎಂಬ ಹೆಸರಲ್ಲೇ ಪಟ್ಟಿಗೆ ಸೇರಿಸಿತು. ಅಂದರೆ ಮಸುಕಾಗಿರುವುದು ದೋಷವೋ ಅಲ್ಲವೋ ಅನ್ನುವ ಪ್ರಶ್ನೆ ಕಾಗದದ ಮೇಲೆ ಮುಗಿದಿದೆ. ಗ್ಯಾರೇಜುಗಳಲ್ಲಿ ಮುಗಿದಿಲ್ಲ.

ಈಗ ನನ್ನ ಎರಡು ಪಾತ್ರೆಗಳಿಗೆ ಬರೋಣ. ಹೇಜಿಗೆ ಮುಕ್ಕಾಲು ಪಾಲು ಸಾಧಾರಣ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಉಳಿದದ್ದು ಅವಲಕ್ಕಿಯಂತೆ ಒತ್ತಿದ ಓಟ್ಸ್ ಮತ್ತು ಗೋಧಿ ಮಾಲ್ಟ್. ಕುದಿಯುವಾಗ ಹಾಪ್ಸ್ ಹಾಕಲೇ ಇಲ್ಲ. ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಸಿಟ್ರಾ, ಮೊಸೇಕ್ ಎಂಬ ಹಾಪ್ಸ್ ಹಾಕಿ ಅರ್ಧ ಗಂಟೆ ಬಿಟ್ಟೆ. ಯೀಸ್ಟ್ ಲಂಡನ್ ಏಲ್ 3. ಶುರುವಿನ ಗ್ರಾವಿಟಿ (ದ್ರವದಲ್ಲಿ ಸಕ್ಕರೆ ಎಷ್ಟಿದೆ ಎಂದು ತೋರಿಸುವ ಸಾಂದ್ರತೆ) 1.065, ಕೊನೆಗೆ 1.015, ಅಂದರೆ ಆರೂವರೆ ಶೇಕಡಾ ಆಲ್ಕೋಹಾಲ್. ವೆಸ್ಟ್ ಕೋಸ್ಟ್‌ಗೆ ಪೇಲ್ ಮಾಲ್ಟ್ ಬಿಟ್ಟರೆ ಒಂದು ಹಿಡಿ ಡೆಕ್ಸ್‌ಟ್ರೋಸ್ ಸಕ್ಕರೆ ಅಷ್ಟೇ. ಅದು ಬಿಯರಿನಲ್ಲಿ ಸಿಹಿ ಉಳಿಯದಂತೆ ಮಾಡಲಿಕ್ಕೆ. ಕುದಿ ಶುರುವಾದ ಕೂಡಲೇ ಕಹಿಗೆ ಕೊಲಂಬಸ್, ಕೊನೆಯಲ್ಲಿ ಸೆಂಟೆನಿಯಲ್, ಸಿಮ್ಕೋ. ಯೀಸ್ಟ್ ಯುಎಸ್-05. ಅದು 1.010ಕ್ಕೆ ಇಳಿಯಿತು. ಕೊನೆಯಲ್ಲಿ ಚೆನ್ನಾಗಿ ತಣ್ಣಗೆ ಮಾಡಿ, ಸ್ವಲ್ಪ ಜೆಲಟಿನ್ ಹಾಕಿ ಗಸಿ ಕೂರಿಸಿದೆ.

ನಿಜವಾದ ವ್ಯತ್ಯಾಸ ನೀರಿನಲ್ಲಿದೆ. ಪೋರ್ಟ್‌ಲ್ಯಾಂಡ್‌ಗೆ ನೀರು ಬರುವುದು ಬುಲ್ ರನ್ ಕಾಡಿನಿಂದ, ಅದರಲ್ಲಿ ಖನಿಜ ಬಹಳ ಕಡಿಮೆ. ಹೋಂಬ್ರೂ ಮಾಡುವವರಿಗೆ ಇದು ಪುಣ್ಯ, ಖಾಲಿ ಪಾಟಿ ಕೈಗೆ ಸಿಕ್ಕಂತೆ, ಏನು ಬೇಕೋ ಅದನ್ನು ಬರೆದುಕೊಳ್ಳಬಹುದು. ನಗರದವರು ಬೆರೆಸುವ ಕ್ಲೋರಮಿನ್ ಒಂದಿದೆ. ಅದಕ್ಕೆ ಕ್ಯಾಂಪ್‌ಡನ್ ಮಾತ್ರೆಯ ಒಂದು ಚೂರು ಪುಡಿ ಮಾಡಿ ಹಾಕಿದರೆ ಆಯಿತು. ಹೇಜಿಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಕ್ಲೋರೈಡನ್ನು ಲೀಟರಿಗೆ 150 ಮಿಲಿಗ್ರಾಂ ಹತ್ತಿರ ತಂದೆ, ಸಲ್ಫೇಟ್ ಅದರ ಅರ್ಧ. ವೆಸ್ಟ್ ಕೋಸ್ಟ್‌ಗೆ ತದ್ವಿರುದ್ಧ: ಜಿಪ್ಸಮ್ ಹಾಕಿ ಸಲ್ಫೇಟ್ 250, ಕ್ಲೋರೈಡ್ 50. ಕ್ಲೋರೈಡ್ ಜಾಸ್ತಿಯಾದರೆ ಬಾಯಿಗೆ ದುಂಡಗೆ, ಮೆತ್ತಗೆ ಅನ್ನಿಸುತ್ತದೆ. ಸಲ್ಫೇಟ್ ಜಾಸ್ತಿಯಾದರೆ ಕಹಿ ಚುರುಕಾಗಿ, ಒಣಗಿ ಮುಗಿಯುತ್ತದೆ. ನಂಬಿಕೆ ಇಲ್ಲದವರು ತಯಾರಾದ ಬಿಯರ್ ಲೋಟಕ್ಕೇ ಚಿಟಿಕೆ ಜಿಪ್ಸಮ್ ಕರಗಿಸಿ ಕುಡಿದು ನೋಡಿ.

ರುಚಿ ಹೇಗಿತ್ತು? ಹೇಜಿ ತೆರೆದ ಕೂಡಲೇ ಮೂಗಿಗೆ ಮಾವು, ಪ್ಯಾಶನ್ ಫ್ರೂಟ್, ಆಮೇಲೆ ಕಿತ್ತಳೆ ಸಿಪ್ಪೆ. ಕಹಿ ಹುಡುಕಬೇಕು, ಅಷ್ಟು ಕಡಿಮೆ. ಬಿಯರ್ ಅಂದರೆ ಮೂಗು ಮುರಿಯುತ್ತಿದ್ದ ಗೆಳತಿಯೊಬ್ಬರು ಒಂದು ಲೋಟ ಮುಗಿಸಿ ಇನ್ನೊಂದು ಕೇಳಿದರು. ವೆಸ್ಟ್ ಕೋಸ್ಟ್‌ನಲ್ಲಿ ಪೈನ್ ಮರದ ಅಂಟಿನ ಘಮ, ಚಕ್ಕೋತದ ಸಿಪ್ಪೆ, ಕೊನೆಗೆ ನಾಲಿಗೆಯ ಬುಡದಲ್ಲಿ ನಿಲ್ಲುವ ಕಹಿ. ನನ್ನನ್ನು ಕೇಳಿದರೆ ಮೊದಲ ಲೋಟಕ್ಕೆ ಹೇಜಿ, ಎರಡನೆಯದಕ್ಕೆ ವೆಸ್ಟ್ ಕೋಸ್ಟ್. ಹೇಜಿಯ ಎರಡನೇ ಲೋಟ ನನಗೆ ಯಾವತ್ತೂ ಭಾರ. ಮೆಣಸಿನಕಾಯಿ ಬಜ್ಜಿ ಜೊತೆಗಂತೂ ಆ ಸಿಹಿ ಸುತರಾಂ ಹೊಂದುವುದಿಲ್ಲ, ಅಲ್ಲಿ ಕಹಿಯೇ ಬೇಕು.

ಹೇಜಿಯ ಮೇಲಿನ ಒಂದು ದೂರು ಮಾತ್ರ ಪೂರ್ತಿ ನಿಜ. ಹೊಸದಾಗಿ ಕೆಗ್‌ಗೆ, ಅಂದರೆ ಲೋಹದ ಪೀಪಾಯಿಗೆ, ತುಂಬಿಸಿದ ಹೇಜಿ ಗಂಟಲಲ್ಲಿ ಕೆರೆಯುತ್ತದೆ. ಅದು ಕಹಿ ಅಲ್ಲ, ಒಗರು. ಎಳೆ ಬಾಳೆಕಾಯಿ ಕಚ್ಚಿದವರಿಗೆ ಗೊತ್ತಿರುವ ಒಗರು. ಹಾಪ್ಸ್‌ನ ಪಾಲಿಫೀನಾಲ್‌ಗಳು ಮತ್ತು ಕೆಳಗೆ ಕೂರದೆ ತೇಲುತ್ತಿರುವ ಹಾಪ್ಸ್ ಪುಡಿಯ ಕೆಲಸ ಅದು. ನಲ್ಲಿಯಿಂದ ಬರುವ ಮೊದಲ ಲೋಟ ನೋಡಿದರೆ ಸಾಕು, ತಳದಲ್ಲಿ ತೆಳುವಾಗಿ ಹಸಿರು ಕೆಸರು ಇರುತ್ತದೆ. ಅದನ್ನು ಚೆಲ್ಲಬೇಕು. ಫ್ರಿಜ್ಜಿನಲ್ಲಿ ಒಂದು ವಾರ, ಹತ್ತು ದಿನ ಸುಮ್ನೆ ಬಿಟ್ಟರೆ ಕೆರೆತ ಹೋಗುತ್ತದೆ. ತಾಜಾ ಕುಡಿಯಬೇಕು ಅನ್ನುವ ಆತುರದಲ್ಲಿ ಜನ ಅಷ್ಟು ದಿನ ಕಾಯುವುದಿಲ್ಲ, ಆಮೇಲೆ ಹೇಜಿ ಅಂದರೇ ಹೀಗೆ ಅನ್ನುತ್ತಾರೆ.

ಓಟ್ಸ್ ವಿಷಯ. ಓಟ್ಸ್ ಇಲ್ಲದೆ ಹೇಜಿ ಆಗುವುದಿಲ್ಲ ಅಂತ ಬಹಳ ಜನ ಆಣೆ ಮಾಡಿ ಹೇಳುತ್ತಾರೆ. ಹಾಗಾಗಿ ಓಟ್ಸ್ ಪೂರ್ತಿ ತೆಗೆದು, ಉಳಿದದ್ದೆಲ್ಲ ಹಾಗೇ ಇಟ್ಟು ಒಂದು ಮಾಡಿದೆ. ಅದೇ ನೀರು, ಅದೇ ಲಂಡನ್ ಯೀಸ್ಟ್, ಅದೇ ಹಾಪ್ಸ್. ಬಂದವರಿಗೆ ಬಣ್ಣ ಕಾಣಬಾರದಲ್ವಾ, ಅದಕ್ಕೆ ಸ್ಟೀಲ್ ಲೋಟದಲ್ಲಿ ಕೊಟ್ಟೆ. ನಮ್ಮ ಮನೆಯಲ್ಲಿ ಅದಕ್ಕೆ ಬರ ಇಲ್ಲ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದು ಯಾವುದು ಹೇಳಿ ಅನ್ನುವ ಪರೀಕ್ಷೆ. ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಆಮೇಲೆ ಅದೇ ಬಿಯರ್‌ಗಳನ್ನು ಗಾಜಿನ ಲೋಟಕ್ಕೆ ಸುರಿದಾಗ ಓಟ್ಸ್ ಇದ್ದದ್ದು ಒಂದು ಚೂರು ಜಾಸ್ತಿ ಮಸುಕಾಗಿತ್ತು. ತಕ್ಷಣ ಎಲ್ಲರೂ 'ಇದೇ ನೋಡಿ ಮೆತ್ತಗಿರೋದು' ಅಂದರು. ಕಣ್ಣು ಹೇಳಿದ್ದನ್ನೇ ನಾಲಿಗೆ ಒಪ್ಪಿಕೊಂಡಿತು.

ಆದರೆ ಯೀಸ್ಟ್, ನೀರು ಬದಲಿಸಿದಾಗ ಹಾಗಾಗಲಿಲ್ಲ. ಓಟ್ಸ್, ಗೋಧಿ ಎಲ್ಲ ಇಟ್ಟು ಯುಎಸ್-05 ಹಾಕಿ, ನೀರನ್ನು ಸಲ್ಫೇಟ್ ಕಡೆಗೆ ತಿರುಗಿಸಿದರೆ ಬಂದದ್ದು ಮಸುಕಾದ ವೆಸ್ಟ್ ಕೋಸ್ಟ್. ನೋಡಲಿಕ್ಕೆ ಹೇಜಿ, ಬಾಯಲ್ಲಿ ಚುರುಕು, ಹಣ್ಣಿನ ಘಮ ಅರ್ಧ. ಸ್ಟೀಲ್ ಲೋಟದಲ್ಲೂ ಇದನ್ನು ಎಲ್ಲರೂ ಹಿಡಿದರು. ಹೇಜಿಯನ್ನು ಹೇಜಿ ಮಾಡುವುದು ಯೀಸ್ಟ್ ಮತ್ತು ನೀರು ಅಂತ ನನಗೆ ಅಲ್ಲಿಗೆ ಸ್ಪಷ್ಟವಾಯಿತು. ಮಸುಕು ಬರುವುದು ಪ್ರೋಟೀನ್ ಮತ್ತು ಪಾಲಿಫೀನಾಲ್ ಕೂಡಿಕೊಂಡು. ಮಾಲ್ಟ್‌ನಲ್ಲೇ ಬೇಕಾದಷ್ಟು ಪ್ರೋಟೀನ್ ಇದೆ, ಹಾಪ್ಸ್ ಸುರಿದರೆ ಉಳಿದದ್ದು ತಾನಾಗಿ ಆಗುತ್ತದೆ.

ಹಾಪ್ಸ್ ಎಷ್ಟು ಸುರಿಯಬೇಕು ಅನ್ನುವುದು ಮುಂದಿನ ಜಗಳ. ಹುದುಗಿದ ಮೇಲೆ ಹಾಕುವ ಡ್ರೈ ಹಾಪ್ ಲೀಟರಿಗೆ 15, 20 ಗ್ರಾಂ ಅಂತ ಹೇಳುವವರಿದ್ದಾರೆ. ಇಲ್ಲೇ ಪಕ್ಕದ ಕೊರ್ವಾಲಿಸ್‌ನಲ್ಲಿರುವ ಆರೆಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಥಾಮಸ್ ಶೆಲ್‌ಹ್ಯಾಮರ್ ಅವರ ತಂಡ ಕ್ಯಾಸ್ಕೇಡ್ ಹಾಪ್ಸ್ ಇಟ್ಟುಕೊಂಡು ಇದನ್ನು ಅಳೆದು 2018ರಲ್ಲಿ ಪ್ರಕಟಿಸಿತು. ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಸುವಾಸನೆ ಅಷ್ಟೇನೂ ಏರುವುದಿಲ್ಲ, ಹಣ್ಣಿನ ಕಡೆಯಿಂದ ಸೊಪ್ಪು, ಚಹಾ ಎಲೆಯ ಕಡೆಗೆ ವಾಲುತ್ತದೆ ಅನ್ನುವುದು ಅದರ ಸಾರ. ನಾನು 16 ಮತ್ತು 8 ಎರಡನ್ನೂ ಸಿಟ್ರಾದಲ್ಲಿ ಮಾಡಿದೆ. 16ರದ್ದು ಜೋರಾಗಿತ್ತು ನಿಜ, ಆದರೆ ಒಗರೂ ಅಷ್ಟೇ ಜೋರು. ಇಪ್ಪತ್ತು ಲೀಟರಿಗೆ 160 ಗ್ರಾಂ ಹೆಚ್ಚಿಗೆ ಕೊಳ್ಳಬೇಕು, ಆ ಪುಡಿ ಹೀರಿಕೊಂಡ ಬಿಯರ್ ಲೆಕ್ಕ ಬೇರೆ. ಔನ್ಸಿಗೆ ಎರಡು ಮೂರು ಡಾಲರ್ ಕೊಟ್ಟು ಕೊಳ್ಳುವ ಹಾಪ್ಸ್ ಅದು. ನಾನೀಗ 8ರಲ್ಲೇ ನಿಂತಿದ್ದೇನೆ.

ಯಾವಾಗ ಹಾಕಬೇಕು ಅನ್ನುವುದೂ ಇದೆ. ಯೀಸ್ಟ್ ಜೋರಾಗಿ ಕೆಲಸ ಮಾಡುತ್ತಿರುವಾಗಲೇ ಹಾಕಿದರೆ ಅದು ಹಾಪ್ಸ್ ಎಣ್ಣೆಗಳನ್ನು ಬದಲಿಸಿ ಹೊಸ ಘಮ ಕೊಡುತ್ತದೆ ಎಂಬ ವಾದ ಇದೆ. ಹಾಪ್ಸ್ ಎಣ್ಣೆಯಲ್ಲಿರುವ ಜೆರೇನಿಯೋಲ್ ಎಂಬ ವಸ್ತು ಸಿಟ್ರೊನೆಲ್ಲೋಲ್ ಆಗುವುದು ನಿಜವೇ. ನನ್ನ ಮೂಗಿಗೆ ಮಾತ್ರ ಹುದುಗು ಮುಗಿದು, 14 ಡಿಗ್ರಿಗೆ ಇಳಿಸಿ ಎರಡು ದಿನ ಹಾಕಿದ್ದೇ ಹೆಚ್ಚು ತಾಜಾ ಅನ್ನಿಸಿತು. ಬೇಗ ಹಾಕಿದ್ದರ ಅರ್ಧ ಘಮ ಏರ್‌ಲಾಕ್ ಗುಳ್ಳೆಗಳ ಜೊತೆ ಗ್ಯಾರೇಜಿಗೆ ಹೋಗಿಬಿಡುತ್ತದೆ. ಗ್ಯಾರೇಜ್ ಘಮಘಮ ಅನ್ನುತ್ತದೆ, ಅಷ್ಟೇ ಲಾಭ.

ಈಗ ಗಾಳಿ. ಎರಡೂ ಬಿಯರನ್ನು ಸ್ವಲ್ಪ ಕೆಗ್‌ಗೂ ಸ್ವಲ್ಪ ಬಾಟಲಿಗೂ ಬೇಕೆಂದೇ ತುಂಬಿಸಿದೆ. ಬಾಟಲಿಯ ವೆಸ್ಟ್ ಕೋಸ್ಟ್ ಎರಡು ತಿಂಗಳಾದರೂ ಮರ್ಯಾದಸ್ಥ ಬಿಯರ್ ಆಗಿತ್ತು. ಘಮ ಇಳಿದಿತ್ತು, ಕಹಿ ನಿಂತಿತ್ತು. ಬಾಟಲಿಯ ಹೇಜಿ ಮೂರನೇ ವಾರಕ್ಕೆ ಹಳದಿ ಹೋಗಿ ಬೂದು ಕಂದು, ಒಂದು ತರಹ ಕಪ್ಪುನೇರಳೆ ಛಾಯೆಗೆ ತಿರುಗಿತು. ವಾಸನೆ ಒದ್ದೆ ರಟ್ಟು, ಹಳೇ ಜೇನು. ಅದೇ ದಿನ ಕೆಗ್‌ನಿಂದ ಹಿಡಿದದ್ದನ್ನು ಪಕ್ಕಕ್ಕಿಟ್ಟರೆ ಎರಡೂ ಒಂದೇ ಬಿಯರ್ ಅಂತ ಯಾರೂ ನಂಬಲಿಲ್ಲ. ಕೆಗ್‌ಗೆ ಮೊದಲು ನೀರು ತುಂಬಿ, ಅದನ್ನು ಇಂಗಾಲದ ಡೈಆಕ್ಸೈಡ್‌ನಿಂದ ತಳ್ಳಿ ಖಾಲಿ ಮಾಡಿ, ಮುಚ್ಚಳ ತೆರೆಯದೆ ಪೈಪಿನಲ್ಲೇ ಬಿಯರ್ ದಾಟಿಸಿದ್ದೆ. ಹೇಜಿಗೆ ಇಷ್ಟು ಉಪಚಾರ ಬೇಕು. ಬಾಟಲಿಗೆ ಇನ್ನೊಂದು ಅಪಾಯವೂ ಇದೆ. ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನಲಾಗದೆ ಉಳಿದ ಪಿಷ್ಟದ ತುಣುಕುಗಳನ್ನು (ಡೆಕ್ಸ್‌ಟ್ರಿನ್) ಸಕ್ಕರೆ ಮಾಡುತ್ತವೆ, ಯೀಸ್ಟ್ ಮತ್ತೆ ಏಳುತ್ತದೆ, ಗ್ರಾವಿಟಿ ನಿಧಾನಕ್ಕೆ ಜಾರುತ್ತದೆ. ಜೊತೆಗೆ ಬೆಣ್ಣೆ ವಾಸನೆ ಬರಬಹುದು, ಬಾಟಲಿಯಲ್ಲಿ ಒತ್ತಡವೂ ಏರಬಹುದು.

ಹಾಗಾಗಿ 'ಹೇಜಿ ಸೋಮಾರಿಗಳ ಬಿಯರ್, ತಪ್ಪೆಲ್ಲ ಮಸುಕಲ್ಲಿ ಮುಚ್ಚಿಹೋಗುತ್ತದೆ' ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಕುದಿಸುವಾಗ ಸುಲಭ ಇರಬಹುದು. ಕೊನೆಯ ನಾಲ್ಕು ದಿನ ವೆಸ್ಟ್ ಕೋಸ್ಟ್‌ಗಿಂತ ಎರಡು ಪಟ್ಟು ಕಷ್ಟ. ಎಲ್ಲ ಹೇಜಿಗಳೂ ಒಂದೇ ತರಹ ಇರುತ್ತವೆ ಅನ್ನುವ ದೂರಿಗೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. ಸಿಟ್ರಾ, ಮೊಸೇಕ್ ಬಿಟ್ಟು ನೆಲ್ಸನ್ ಸಾವಿನ್ ಹಾಪ್ಸ್ ಹಾಕಿದವರು ನಮ್ಮ ಗುಂಪಿನಲ್ಲೇ ಎಷ್ಟು ಜನ ಇದ್ದಾರೆ?

ಮಧ್ಯದಲ್ಲಿ ಕೋಲ್ಡ್ ಐಪಿಎ ಕೂಡ ಮಾಡಿ ನೋಡಿದೆ. ಇದೇ ಊರಿನ ವೇಫೈಂಡರ್ ಬ್ರೂವರಿಯಲ್ಲಿ 2018ರಲ್ಲಿ ಹುಟ್ಟಿದ್ದು, ಅಕ್ಕಿಯೋ ಮೆಕ್ಕೆಜೋಳವೋ ಬೆರೆಸಿ ಲಾಗರ್ ಯೀಸ್ಟ್‌ನಲ್ಲಿ ಹುದುಗಿಸುವುದು. ಚೆನ್ನಾಗಿದೆ, ಗರಿಗರಿ. ಜಗಳ ಆಡುವಷ್ಟು ಏನೂ ಸಿಗಲಿಲ್ಲ.

ಬೆಂಗಳೂರಿನ ಗೆಳೆಯರು ರೆಸಿಪಿ ಕೇಳುತ್ತಿರುತ್ತಾರೆ. ಅಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವಂತಿಲ್ಲ, ನೆನಪಿರಲಿ. ಅಮೆರಿಕದಲ್ಲೂ ಇದಕ್ಕೆ ಫೆಡರಲ್ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ ಕಾರ್ಟರ್ ಸಹಿ ಹಾಕಿದ ಮೇಲೆ, ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಬೆಂಗಳೂರಿನಲ್ಲೂ ಒಪ್ಪಿಗೆ ಸಿಗುವವರೆಗೆ ಬ್ರೂಪಬ್‌ನಲ್ಲಿ ಹೇಜಿ ಕುಡಿಯುವುದಾದರೆ ಕೆಗ್ ಯಾವತ್ತು ತೆರೆದದ್ದು ಅಂತ ಕೇಳಿ, ಅಷ್ಟು ಸಾಕು.

ಮಾಡುವವರಿಗೆ ನನ್ನ ಸಲಹೆ: ಬಾಟಲಿ ಮಾತ್ರ ಇದ್ದರೆ ವೆಸ್ಟ್ ಕೋಸ್ಟ್ ಮಾಡಿ. ಕೆಗ್ ಇದ್ದು, ಮೂರು ವಾರದಲ್ಲಿ ಖಾಲಿ ಮಾಡುವಷ್ಟು ನೆಂಟರು ಗೆಳೆಯರು ಇದ್ದರೆ ಹೇಜಿ ಮಾಡಿ. ನಮ್ಮ ಮನೆಯಲ್ಲಿ ಈಗ ನಲ್ಲಿಯಲ್ಲಿರುವುದು ಎರಡರ ನಡುವಿನದು. ಓಟ್ಸ್ ಇಲ್ಲ, ಲಂಡನ್ ಯೀಸ್ಟ್, ಕ್ಲೋರೈಡ್ ಸಲ್ಫೇಟ್ ಸಮ ಸಮ 120, ಡ್ರೈ ಹಾಪ್ 8 ಗ್ರಾಂ, ಕುದಿಯ ಶುರುವಿಗೆ ಒಂದು ಚಮಚ ಕೊಲಂಬಸ್. ಹೇಜಿ ಪಕ್ಷದವರು ತಕರಾರಿಲ್ಲದೆ ಕುಡಿಯುತ್ತಾರೆ. ತಿಳಿ ಪಕ್ಷದ ಮೈಸೂರಿನ ಗೆಳೆಯ ಕುಡಿಯುತ್ತಲೇ ಕಹಿ ಸಾಲದು ಅನ್ನುತ್ತಾನೆ. ಮುಂದಿನ ಸಲ ಎರಡು ಚಮಚ ಹಾಕುತ್ತೇನೆ.