ಗೀಸರ್ ಸರ್ವಿಸ್ ಅಂದ್ರೆ ಹೀಗಿರಬೇಕು

ನಮ್ಮ ಗೀಸರಿನಲ್ಲಿ ನೀರು ಕಾಯಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಸ್ವಿಚ್ ಹಾಕಿದರೆ ಒಳಗಿಂದ ಪಟಪಟ ಸದ್ದು ಬೇರೆ. ಹಿಂದೆ ಬಂದಿದ್ದ ಮೆಕ್ಯಾನಿಕ್ ಕವರ್ ತೆಗೆದು, ನೀರು ಎಷ್ಟು ಕಾಯಬೇಕೆಂದು ನೋಡಿಕೊಳ್ಳುವ ಥರ್ಮೋಸ್ಟಾಟ್ ಮುಟ್ಟಿ ನೋಡಿ, "ಹಳೇದಾಯ್ತು, ಹೊಸದು ತಗೊಳ್ಳಿ" ಎಂದು ಹೊರಟುಬಿಟ್ಟಿದ್ದರು. ಈ ಸಲ ಬಂದ ಹುಡುಗ ಟ್ಯಾಂಕನ್ನೇ ಬಿಚ್ಚಿದ. ನನಗೆ ಬೇಕಾಗಿದ್ದದ್ದು ಅದೇ.

ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದ. ಕರೆಂಟ್ ಇಲ್ಲ ಅಂತ ಟೆಸ್ಟರ್ ಇಟ್ಟು ನೋಡಿಕೊಂಡ. ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ನಟ್ಟುಗಳನ್ನು ಬಿಚ್ಚಿ ನೀರು ಕಾಯಿಸುವ ಕಾಯಿಲ್ ಹೊರಗೆ ಎಳೆದ. ತಾಮ್ರದ ಬಣ್ಣವೇ ಕಾಣಿಸಲಿಲ್ಲ! ಸುತ್ತಲೂ ಬಿಳಿ, ಕಂದು ಸುಣ್ಣದ ಹೆಕ್ಕಳೆ ದಪ್ಪಗೆ ಕಟ್ಟಿತ್ತು. "ಮೇಡಂ, ಸದ್ದು ಬರ್ತಿದ್ದಿದ್ದು ಇದರಿಂದಲೇ" ಎಂದ. ಹೆಕ್ಕಳೆಯ ಅಡಿ ಸಿಕ್ಕಿಕೊಂಡ ನೀರು ಹಬೆಯಾಗಿ ಸಿಡಿಯುತ್ತದಂತೆ. ಶಾಖ ನೀರಿಗೆ ದಾಟದೆ ಕಾಯಿಲ್ ತಾನೇ ಕಾದು ಸುಡುತ್ತದೆ. ಹೆಕ್ಕಳೆಯನ್ನು ಸ್ಕ್ರೂಡ್ರೈವರಿನಿಂದ ಕೆರೆಯಲಿಲ್ಲ, ಕಾಯಿಲನ್ನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲಿ ನೆನೆಹಾಕಿದ. ಹೆಕ್ಕಳೆ ನೊರೆ ಬಿಟ್ಟು ತಾನಾಗಿ ಉದುರಿತು. ಇಂಥ ತಾಳ್ಮೆ ಎಷ್ಟು ಜನಕ್ಕಿದೆ ಹೇಳಿ?

ಆಮೇಲೆ ಆನೋಡ್ ರಾಡ್ ತೋರಿಸಿದ. ಹೊಸದರಲ್ಲಿ ಬೆರಳಿನಷ್ಟು ದಪ್ಪ ಇರುವ ಮೆಗ್ನೀಸಿಯಂ ಸರಳು ಅದು. ನಮ್ಮದರಲ್ಲಿ ನಡುವಿನ ತಂತಿ ಮಾತ್ರ ಉಳಿದಿತ್ತು. ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ಈ ರಾಡ್ ತಾನು ಸವೆದು ಹೋಗುತ್ತದೆ. ಇದು ಮುಗಿದ ಮೇಲೆ ಟ್ಯಾಂಕಿನ ಸರದಿ. ಟ್ಯಾಂಕ್ ತೂತು ಬಿದ್ದರೆ ಗೀಸರನ್ನೇ ಬದಲಿಸಬೇಕಾಗುತ್ತದೆ. ಸುಣ್ಣದಂಶ ಜಾಸ್ತಿ ಇರುವ ಗಡಸು ನೀರಿನ ಮನೆಯವರು ವರ್ಷಕ್ಕೊಮ್ಮೆ ಇದನ್ನು ತೆಗೆಸಿ ನೋಡಲೇಬೇಕು. ನನಗೆ ಈ ಮಾತನ್ನು ಇದುವರೆಗೂ ಯಾವ ಮೆಕ್ಯಾನಿಕ್ಕೂ ಹೇಳಿರಲಿಲ್ಲ.

ಹೊಸ ರಾಡ್, ನೀರು ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿದ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬರುವುದು ನಿಂತು ನೀರು ಸಮನಾಗಿ ಬರುವವರೆಗೆ ಸ್ವಿಚ್ ಮುಟ್ಟಲು ಬಿಡಲಿಲ್ಲ. ಖಾಲಿ ಟ್ಯಾಂಕಿನಲ್ಲಿ ಕರೆಂಟ್ ಹರಿದರೆ ಕಾಯಿಲ್ ಸುಟ್ಟೇ ಹೋಗುತ್ತದೆ. 75ರಲ್ಲಿದ್ದ ಥರ್ಮೋಸ್ಟಾಟನ್ನು 60 ಡಿಗ್ರಿಗೆ ಇಳಿಸಿದ. ಜಾಸ್ತಿ ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ತೀರಾ ಇಳಿಸಿಟ್ಟರೂ ಆಗದು, ಉಗುರುಬೆಚ್ಚನೆ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ. 60 ಡಿಗ್ರಿ ನೀರೂ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ ಎಂದು, ವಯಸ್ಸಾದ ನಮ್ಮ ಅತ್ತೆಗೆ ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟುಕೊಳ್ಳಲು ಅವನೇ ಹೇಳಿದ. ಅದು ನನಗೆ ತುಂಬಾ ಹಿಡಿಸಿತು.

ಕೊರತೆ ಇಲ್ಲದೆ ಇಲ್ಲ. ಸೇಫ್ಟಿ ವಾಲ್ವನ್ನು ನಾನು ಕೇಳಿದ ಮೇಲೆಯೇ ನೋಡಿದ್ದು. ಒತ್ತಡ ಏರಿದಾಗ ಟ್ಯಾಂಕ್ ಒಡೆಯದಂತೆ ಕಾಯುವುದೇ ಅದು, ಅದನ್ನು ಗಿರಾಕಿ ಕೇಳಿದ ಮೇಲೆ ನೋಡುವುದಲ್ಲ. ಅರ್ಥಿಂಗ್ ಕೂಡ ಹಾಗೇ. ರಾಡ್ ಬದಲಿಸಿದ ತಾರೀಕನ್ನು ಎಲ್ಲೂ ಬರೆದಿಡಲಿಲ್ಲ, ಟೇಪಿನ ಮೇಲೆ ಬರೆದು ಗೀಸರಿಗೆ ನಾನೇ ಅಂಟಿಸಿದೆ.

ಈಗ ಸದ್ದಿಲ್ಲ, ನೀರು ಬೇಗ ಕಾಯುತ್ತದೆ. ಮುಂದಿನ ವರ್ಷವೂ ಈ ಹುಡುಗನನ್ನೇ ಕರೆಸುತ್ತೇನೆ, ವಾಲ್ವ್ ಮತ್ತು ಅರ್ಥಿಂಗ್ ವಿಷಯ ಫೋನಿನಲ್ಲೇ ಹೇಳಿಬಿಡುತ್ತೇನೆ. ನೀವು ಯಾರನ್ನೇ ಕರೆಸಿದರೂ "ಕಾಯಿಲ್ ಹೊರಗೆ ತೆಗೀತೀರಾ, ಆನೋಡ್ ರಾಡ್ ತೋರಿಸ್ತೀರಾ?" ಎಂದು ಮೊದಲೇ ಕೇಳಿ. ಇಲ್ಲ ಅಂದರೆ ಬೇರೆಯವರನ್ನು ನೋಡಿ.