ಇನ್ ನಾಖ್ಟ್ ಉಂಡ್ ಐಸ್ (1912): ಟೈಟಾನಿಕ್ ಮುಳುಗಿದ ವರ್ಷನೇ ಬಂದ ಮೂಕಿ ಸಿನಿಮಾ, ಅರ್ಧ ಗಂಟೆ ಕೊಡಬಹುದು

ಟೈಟಾನಿಕ್ ಅಂದ್ರೆ ನಮ್ಗೆಲ್ಲ 1997ರ ಸಿನಿಮಾನೇ, ಜಾಕ್ ರೋಸ್ ಬಿಟ್ರೆ ಬೇರೇನೂ ತಲೆಗೆ ಬರಲ್ಲ. ಆದ್ರೆ ಹಡಗು ಮುಳುಗಿದ್ದು 1912 ಏಪ್ರಿಲ್ 15ರ ಬೆಳಗಿನ ಜಾವ, ಅದೇ ವರ್ಷ ಬರ್ಲಿನ್ನಿನ ಕಾಂಟಿನೆಂಟಲ್ ಕುನ್ಸ್ಟ್‌ಫಿಲ್ಮ್ ಅನ್ನೋ ಕಂಪನಿ ಈ ಸಿನಿಮಾನ ತೆಗೆದು ರಿಲೀಸೂ ಮಾಡ್ಬಿಟ್ಟಿತ್ತು. ಡೈರೆಕ್ಟರ್ ಮೀಮೆ ಮಿಸು. ಸುಮಾರು 35 ನಿಮಿಷ ಅಷ್ಟೇ, ಆಗಿನ ಕಾಲಕ್ಕೆ ಅದೇ ದೊಡ್ಡ ಪಿಚ್ಚರ್. ಎಷ್ಟೋ ವರ್ಷ ಇದು ಕಳೆದೇ ಹೋಗಿದೆ ಅಂದ್ಕೊಂಡಿದ್ರು, 1998ರಲ್ಲಿ ಜರ್ಮನಿಯ ಒಬ್ಬ ಕಲೆಕ್ಟರ್ ಹತ್ರ ಪ್ರಿಂಟ್ ಇದೆ ಅಂತ ಗೊತ್ತಾಯ್ತು. ಈಗ ನೆಟ್ಟಲ್ಲಿ ಫ್ರೀ.

ಮೊದ್ಲೇ ಹೇಳ್ಬಿಡ್ತೀನಿ, ಶುರು ಬೋರು. ಜನ ಹಡಗು ಹತ್ತೋದು, ಡೆಕ್ ಮೇಲೆ ಓಡಾಡೋದು, ಟೋಪಿ ಸರಿ ಮಾಡ್ಕೊಳ್ಳೋದು. ಇನ್ನು ಆ ಐಸ್‌ಬರ್ಗ್, ಅಯ್ಯೋ, ಒಂದು ಪುಟ್ಟ ಮಾಡೆಲ್ ಹಡಗು ಹೋಗಿ ತೇಲ್ತಿರೋ ಐಸ್ ಗಡ್ಡೆಗೆ ಗುದ್ದುತ್ತೆ, ನಮ್ಮೂರ ಪೌರಾಣಿಕ ನಾಟಕದ ಥರ್ಮಾಕೋಲ್ ಬೆಟ್ಟನೇ ವಾಸಿ. ಆ ಸೀನೆಲ್ಲ ತೆಗೆದಿದ್ದು ಬರ್ಲಿನ್ ಹತ್ರದ ಒಂದು ಕೆರೆಯಲ್ಲಿ, ಸಮುದ್ರ ಅಲ್ಲವೇ ಅಲ್ಲ.

ಆದ್ರೆ ಗುದ್ದಿದ ಮೇಲೆ ಕೂತ್ಕೊಂಡು ನೋಡಿ. ಬಾಯ್ಲರಿಗೆ ಕಲ್ಲಿದ್ದಲು ಎಸೆಯೋರನ್ನ ತೋರಿಸ್ವಾಗ ಫ್ರೇಮೆಲ್ಲ ಕೆಂಪು, ರಾತ್ರಿ ಸೀನಿಗೆ ಕಡು ನೀಲಿ, ಫಿಲ್ಮಿಗೇ ಬಣ್ಣ ಹಾಕಿರೋದು. ವೈರ್‌ಲೆಸ್ ಆಪರೇಟರ್ ಮೆಸೇಜ್ ಕಳಿಸ್ತಾನೇ ಇರ್ತಾನೆ, ಸೌಂಡೇ ಇಲ್ದಿರೋ ಸಿನಿಮಾದಲ್ಲಿ ಕೇಳಿಸ್ದಿರೋ ಆ ಟಕಟಕ ನಮ್ಮ ತಲೇಲಿ ಓಡುತ್ತೆ ನೋಡಿ, ಅದಕ್ಕೇ ನಾನು ಮಾರ್ಕ್ಸ್ ಕೊಡೋದು. ಲವ್ ಸ್ಟೋರಿ ಅಂತ ಹಿಂಸೆ ಇಲ್ಲ, ವಿಲನ್ನೂ ಇಲ್ಲ, ಹಡಗೇ ಹೀರೋ.

ಇನ್ನೊಂದು ವಿಷ್ಯ. ಆಗ ಎಲ್ರೂ ಈ ದುರಂತದ ಹಿಂದೆ ಬಿದ್ದಿದ್ರು, ಟೈಟಾನಿಕ್‌ದು ಅಸಲಿ ಫೂಟೇಜ್ ತುಂಬಾ ಕಮ್ಮಿ ಇತ್ತಲ್ಲ, ಹಾಗಾಗಿ ನ್ಯೂಸ್‌ರೀಲ್ ಕಂಪನಿಯೋರು ಅದರ ಅಕ್ಕ ಒಲಿಂಪಿಕ್ ಹಡಗಿನ ಹಳೇ ರೀಲನ್ನೇ ತೋರಿಸಿ, ಗುರ್ತು ಹತ್ತಬಾರ್ದು ಅಂತ ಕಾಣ್ತಿದ್ದ ಹೆಸರುಗಳನ್ನ ಫಿಲ್ಮ್ ಮೇಲೇ ಕೆರೆದು ಹಾಕಿದ್ರಂತೆ! ಅದಕ್ಕೆ ಹೋಲಿಸಿದ್ರೆ ಮಿಸು ಪಾಪ ಪ್ರಾಮಾಣಿಕ, ಸೆಟ್ ಹಾಕಿ ಕಥೆ ಹೇಳ್ದ.

ನನ್ ರೇಟಿಂಗ್ 5ಕ್ಕೆ 3. ಟೈಟಲ್ ಕಾರ್ಡೆಲ್ಲ ಜರ್ಮನ್‌ದು, ಸಬ್‌ಟೈಟಲ್ ಇರೋದನ್ನ ಹುಡುಕಿ, ಮೇಲೆ ಹಾಕಿರೋ ಪಿಯಾನೋ ಕಿರಿಕಿರಿ ಅನ್ಸಿದ್ರೆ ಮ್ಯೂಟ್ ಮಾಡಿ. ನಂಗೆ ನಿಜವಾಗ್ಲೂ ನೋಡ್ಬೇಕು ಅನ್ಸೋದು ಮಾತ್ರ ಇದಕ್ಕೂ ಮುಂಚೆ, 1912 ಮೇ ತಿಂಗಳಲ್ಲೇ ಅಮೆರಿಕಾದಲ್ಲಿ ಬಂದ 'ಸೇವ್ಡ್ ಫ್ರಮ್ ದ ಟೈಟಾನಿಕ್'. ಅದರ ಹೀರೋಯಿನ್ ಡೊರೊಥಿ ಗಿಬ್ಸನ್ ಅದೇ ಹಡಗಿಂದ ಲೈಫ್‌ಬೋಟ್ ಹತ್ತಿ ಬದುಕಿ ಬಂದಾಕೆ, ಆ ರಾತ್ರಿ ಹಾಕಿದ್ದ ಬಟ್ಟೇಲೇ ಆ್ಯಕ್ಟ್ ಮಾಡಿದ್ಳು. ಒಂದು ತಿಂಗಳೊಳಗೆ ಅದನ್ನೇ ಮತ್ತೆ ಕ್ಯಾಮೆರಾ ಮುಂದೆ ಮಾಡು ಅಂದ್ರೆ ಹೆಂಗಿರ್ಬೇಕು ಯೋಚ್ನೆ ಮಾಡಿ. ಅದರ ಪ್ರಿಂಟ್ 1914ರಲ್ಲಿ ಸ್ಟುಡಿಯೋಗೆ ಬೆಂಕಿ ಬಿದ್ದಾಗ ಹೋಯ್ತು, ಉಳಿದಿರೋದು ಒಂದಷ್ಟು ಸ್ಟಿಲ್ ಫೋಟೋ.